ಟಿಚ್ ಬಟನ್ ಹಲ್ಲುಗಳು

ದಾರ ತುಂಡಾಗಲಿಲ್ಲ. ಹಲ್ಲು ಅಲ್ಲಾಡಿತು.

ಶಿರಾ ಗೇಟ್ ಹತ್ತಿರ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಬ್ಲೌಸ್ ಹೊಲಿಯುವವಳಿಗೆ ಕತ್ತರಿಯಷ್ಟೇ ಹಲ್ಲೂ ಮುಖ್ಯ ಎಂದರೆ ನೀವು ನಗಬಹುದು. ಹೊಲಿಗೆ ಮುಗಿದ ಕಡೆ ಬಟ್ಟೆಯನ್ನು ಬಾಯಿಗೆ ತಂದು, ತಲೆ ಸ್ವಲ್ಪ ವಾಲಿಸಿ, ದಾರವನ್ನು ಕಚ್ಚಿ ತೆಗೆಯುತ್ತೇವೆ. ಕತ್ತರಿ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ ಇನ್ನೊಂದು ತೋಳು ಕೂರಿಸಿ ಮುಗಿದಿರುತ್ತದೆ. ಮದುವೆಗೆ ಮುಂಚಿನಿಂದಲೂ ನಾನು ಹೀಗೇ ಮಾಡಿಕೊಂಡು ಬಂದವಳು. ಆ ದಿನವೂ ಕಚ್ಚಿದೆ. ಕೆಳಸಾಲಿನ ಮುಂದಿನ ಹಲ್ಲು ಸಡಿಲವಾದ ಚಿಲಕದ ಹಾಗೆ ಹಿಂದಕ್ಕೆ ವಾಲಿತು. ನೋವಿಲ್ಲ. ಬಿಳಿ ಲೈನಿಂಗ್ ಮೇಲೆ ಮಾತ್ರ ಒಂದು ಕೆಂಪು ಚುಕ್ಕೆ ಬಿತ್ತು.

ಎದುರಿಗೆ ಕೂತು ಹುಕ್ಕು ಹಾಕುತ್ತಿದ್ದ ಶಮೀಮ್ ನೋಡಿಬಿಟ್ಟಳು. ಅವಳೂ ನಾನೂ ಸೇರಿಯೇ ಅಂಗಡಿ ಇಟ್ಟವರು. ಕಟಿಂಗ್ ಮತ್ತು ಮಿಷನ್ ನನ್ನದು, ಹುಕ್ಕು, ಕಾಜಾ, ಫಾಲ್ಸ್ ಅವಳದು.

"ಅಕ್ಕಾ, ರಕ್ತ!"

"ಸೂಜಿ ಚುಚ್ತು ಕಣೇ, ಸುಮ್ನಿರು" ಎಂದೆ.

ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಮಾತ್ರೆಯನ್ನೂ ನುಂಗುತ್ತಿದ್ದೆ, ಹಬ್ಬ ಬಂದರೆ ಒಬ್ಬಟ್ಟನ್ನೂ ನುಂಗುತ್ತಿದ್ದೆ. ಒಸಡು ಊದಿಕೊಳ್ಳುವುದು, ಹಲ್ಲುಜ್ಜುವಾಗ ರಕ್ತ ಬರುವುದು ಇದ್ದೇ ಇತ್ತು. ನೋವಿಲ್ಲದ ಮೇಲೆ ಅದೇನು ಕಾಯಿಲೆ ಎಂದುಕೊಂಡು ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುತ್ತಿದ್ದೆ.

ನಮ್ಮ ಮನೆಯವರು ಕುಣಿಗಲ್ ರೂಟಿನ ಬಸ್ ಡ್ರೈವರ್. ಯಾರು ಏನು ಹೇಳಿದರೂ ನಂಬುವ ಜೀವ. ಬಸ್ಸಿನಲ್ಲಿ ಯಾರೋ ಹೇಳಿದರೆಂದು ನನ್ನನ್ನು ಶಿರಾ ಗೇಟಿನಲ್ಲೇ ಇದ್ದ ಒಂದು ಹೊಸ ಡೆಂಟಲ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಗಾಜಿನ ಬಾಗಿಲು, ಏಸಿ, ಗೋಡೆಯ ಟೀವಿಯಲ್ಲಿ ನಗುವ ಬಾಯಿಗಳು. ಅಲ್ಲಿನ ಡಾಕ್ಟರಿಗೆ ವಯಸ್ಸು ಮೂವತ್ತೂ ದಾಟಿರಲಿಲ್ಲ. ಇಡೀ ದವಡೆಯ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ಹೇಳಿದರು.

"ಮೂಳೆನೇ ಕರಗೋಗಿದೆ ಮೇಡಂ. ಕೆಳಗಡೆ ಒಂದೂ ಉಳಿಯಲ್ಲ."

ಒಂದೂ ಉಳಿಯಲ್ಲ.

ಅಲ್ಲಾಡುತ್ತಿದ್ದದ್ದು ಮುಂದಿನ ಮೂರು. ಮಿಕ್ಕವು ನನ್ನ ಮಟ್ಟಿಗೆ ಗಟ್ಟಿಯಾಗಿಯೇ ಇದ್ದವು. ಬ್ಲೌಸಿನ ತೋಳು ಬಿಗಿ ಎಂದು ಬಂದವಳಿಗೆ ಹೊಸ ಸೀರೆಯನ್ನೇ ತಗೊಳ್ಳಿ ಎಂದ ಹಾಗಾಯಿತು. ಅವರು ನಿಲ್ಲಿಸಲಿಲ್ಲ. ಎಲ್ಲ ಹಲ್ಲು ಕಿತ್ತು, ದವಡೆಗೆ ನಾಲ್ಕು ಸ್ಕ್ರೂ ಕೂರಿಸಿ, ಅದೇ ದಿನ ಅದರ ಮೇಲೆ ಪೂರ್ತಿ ಸಾಲು ಫಿಕ್ಸ್ ಮಾಡುತ್ತಾರಂತೆ. ಭಾನುವಾರ ಬೆಂಗಳೂರಿನಿಂದ ಸ್ಪೆಷಲಿಸ್ಟ್ ಬರುತ್ತಾರಂತೆ. ಬೆಳಿಗ್ಗೆ ಬಂದರೆ ಸಂಜೆಗೆ ಹಲ್ಲಿನ ಸಮೇತ ಮನೆಗೆ. ಈ ತಿಂಗಳು ಬುಕ್ ಮಾಡಿದರೆ ಆಫರ್ ಇದೆ ಎಂದರು. ನನಗೆ ಆಷಾಢದ ಸೇಲ್ ನೆನಪಾಯಿತು.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಮುಂಚೆ ನಮ್ಮ ಕೆಲಸದ ಒಂದು ಮಾತು ಹೇಳಬೇಕು. ಬ್ಲೌಸಿನ ಪಕ್ಕದ ಹೊಲಿಗೆಯ ಒಳಗಡೆ ನಾವು ಬಟ್ಟೆ ಬಿಡುತ್ತೇವೆ. ಹೆಂಗಸಿನ ಮೈ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಹೆರಿಗೆಯಾಗುತ್ತದೆ, ದಪ್ಪಗಾಗುತ್ತಾಳೆ, ಸೊರಗುತ್ತಾಳೆ. ಒಳಗೆ ಬಟ್ಟೆ ಇದ್ದರೆ ಒಂದು ಸಾಲು ಹೊಲಿಗೆ ಬಿಚ್ಚಿದರೆ ಸಾಕು, ಅದೇ ಬ್ಲೌಸ್ ಇನ್ನೂ ನಾಲ್ಕು ವರ್ಷ ಬರುತ್ತದೆ. ಒಳಗೆ ಬಿಡದೆ ಕತ್ತರಿಸಿದ ಬ್ಲೌಸ್ ಮೊದಲ ದಿನ ಬಹಳ ಚೆನ್ನಾಗಿ ಕೂರುತ್ತದೆ. ಆಮೇಲೆ ಅದು ಒರೆಸುವ ಬಟ್ಟೆ.

"ಡಾಕ್ಟ್ರೇ, ನಾಳೆ ಏನಾದ್ರೂ ಎಡವಟ್ಟಾದ್ರೆ ಬಿಚ್ಚಿ ಸರಿ ಮಾಡೋಕೆ ಆಗುತ್ತಾ?"

"ಬಿಚ್ಚೋ ಪ್ರಶ್ನೆನೇ ಬರಲ್ಲ ಮೇಡಂ. ಲೈಫ್‌ಟೈಮ್!" ಎಂದು ನಕ್ಕರು.

ನಾನು ಪರ್ಸ್ ಎತ್ತಿಕೊಂಡು ಎದ್ದೆ. ಮೆಟ್ಟಿಲಿಳಿಯುವಾಗ ನಮ್ಮ ಮನೆಯವರಿಗೆ ಬೇಜಾರು. "ಅಷ್ಟು ಓದಿರೋರು ಸುಳ್ಳು ಹೇಳ್ತಾರೇನೇ?"

"ಎಸ್ಸೆಲ್ಸಿ ಫೇಲಾಗಿರೋ ನಾನೇ ದಿನಕ್ಕೆ ಹತ್ತು ಹೇಳ್ತೀನಿ ಕಣ್ರಿ."

ಸುಳ್ಳಲ್ಲ. ಬಟ್ಟೆಯ ಗಂಟನ್ನೇ ಬಿಚ್ಚಿರುವುದಿಲ್ಲ, ಗಿರಾಕಿ ಬಂದರೆ "ಎಲ್ಲಾ ಆಗಿದೆ, ಹುಕ್ಕೊಂದು ಬಾಕಿ, ಗುರುವಾರ ಬನ್ನಿ" ಎನ್ನುತ್ತೇವೆ. ಯಾವ ಟೈಲರ್ ಆದರೂ ಇದನ್ನೇ ಹೇಳುವುದು. ಹಾಗಾಗಿ ಯಾರಾದರೂ ಎಲ್ಲವೂ ಸಲೀಸು ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಆ ವಾರ ಗುಬ್ಬಿಗೆ ಹೋದೆ. ಅಲ್ಲಿ ನಮ್ಮ ಮನೆಯವರ ಅಕ್ಕ ಇದ್ದಾರೆ, ನಾನು ಅತ್ತಿಗೆ ಎನ್ನುತ್ತೇನೆ. ಅವರಿಗೂ ಕೆಳಗಿನ ಹಲ್ಲಿಲ್ಲ. ಸ್ಕ್ರೂ ಗಿಕ್ರೂ ಇಲ್ಲದ ಸಾದಾ ಸೆಟ್ ಮಾಡಿಸಿಕೊಂಡಿದ್ದರು. ಅದು ಬೀರುವಿನಲ್ಲಿ, ಸ್ಟೀಲ್ ಲೋಟದಲ್ಲಿ ಇತ್ತು. ಮದುವೆ ಮುಂಜಿಗೆ ಮಾತ್ರ ಹೊರಗೆ ಬರುತ್ತಿತ್ತು.

"ಮಾತಾಡಿದ್ರೆ ಎದ್ದು ಕುಣಿತದೆ ಕಣವ್ವ. ಬುಡು ಅತ್ಲಾಗೆ, ಮುದ್ದೆ ನುಂಗಕ್ಕೆ ಹಲ್ಯಾಕೆ?" ಎಂದು ಅತ್ತಿಗೆ ನಕ್ಕರು. ನಗುವಾಗ ಸೆರಗು ಬಾಯಿಗೆ ಅಡ್ಡ ಬಂತು. ಊಟಕ್ಕೆ ಕೂತಾಗ ನೋಡಿದೆ. ಮುದ್ದೆಯನ್ನೇನೋ ಸಲೀಸಾಗಿ ನುಂಗಿದರು. ಸಾರಿನ ಅವರೆಕಾಳು ಅಗಿಯುವಾಗ ಗೋಡೆಯ ಕಡೆ ತಿರುಗಿಕೊಂಡರು. ಸ್ವಂತ ಮನೆಯಲ್ಲಿ, ನನ್ನೊಬ್ಬಳ ಎದುರಿಗೆ.

ನನಗೆ ನಿಜವಾಗಿ ಭಯವಾಯಿತು. ನಾನು ದಿನವಿಡೀ ಹೆಂಗಸರ ಎದುರಿಗೆ ನಿಂತು, ತುಟಿಯಲ್ಲಿ ಗುಂಡುಪಿನ್ ಹಿಡಿದು, ಅಳತೆ ತೆಗೆಯುತ್ತಾ ಹರಟುವವಳು. ಆ ಹರಟೆಗೇ ಅರ್ಧ ಗಿರಾಕಿಗಳು ಬರುವುದು. ಗೋಡೆಯ ಕಡೆ ತಿರುಗಿ ಬದುಕುವುದು ನನ್ನಿಂದ ಆಗದು. ಹಾಗೆಂದು ಯಾರನ್ನು ನಂಬಿ ಬಾಯಿ ತೆರೆಯಲಿ? ತಪ್ಪಾಗಿ ಹೊಲಿದದ್ದನ್ನು ಬಿಚ್ಚಬಹುದು. ಕಿತ್ತ ಹಲ್ಲನ್ನು ಮತ್ತೆ ಕೂರಿಸಲು ಯಾವ ಡಾಕ್ಟರಿಗೂ ಬರುವುದಿಲ್ಲ.

ನಮ್ಮ ಮನೆ ಮರಳೂರಿನಲ್ಲಿ. ಅಲ್ಲೇ ಹಿಂದಿನ ರಸ್ತೆಯಲ್ಲಿ ಐವತ್ತು ದಾಟಿದ ಒಬ್ಬ ಡಾಕ್ಟರಮ್ಮನ ಚಿಕ್ಕ ಕ್ಲಿನಿಕ್ ಇತ್ತು. ಟೀವಿ ಇಲ್ಲ, ಬೆಂಚು ಇದೆ. ಬಹಳ ನಿಧಾನ ಎಂದು ಏರಿಯಾದವರೆಲ್ಲ ದೂರುತ್ತಿದ್ದರು. ಅವರು ಒಂದೊಂದೇ ಹಲ್ಲಿನ ಪಕ್ಕ ಕಡ್ಡಿ ಇಳಿಸಿ, ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಕನ್ನಡಿಯಲ್ಲಿ ನನಗೇ ತೋರಿಸಿದರು. ಕೊನೆಗೆ ಅವರೂ ಅದನ್ನೇ ಹೇಳಿದರು. ಮೇಲಿನದನ್ನು ಕ್ಲೀನ್ ಮಾಡಿ ಉಳಿಸಿಕೊಳ್ಳೋಣ, ಕೆಳಗಿನದು ಉಳಿಯಲ್ಲ.

ಇಬ್ಬರೂ ಒಂದಾಗಿದ್ದಾರೆ ಎನಿಸಿತು. ಶಿರಾ ಗೇಟಿಗೂ ಮರಳೂರಿಗೂ ಫೋನ್ ಇಲ್ಲವೇ?

ಡಾಕ್ಟರಮ್ಮ ಪ್ಲಾಸ್ಟರಿನ ದವಡೆಗಳನ್ನು ತಂದು ನನ್ನ ಕೈಗೇ ಕೊಟ್ಟರು. ನಾಲ್ಕು ಸ್ಕ್ರೂ ಹಾಕಿ ಅದೇ ದಿನ ಫಿಕ್ಸ್ ಮಾಡುವುದು ಒಂದು. "ಅದು ಮೋಸ ಅಲ್ಲ, ಕೆಲವರಿಗೆ ಚೆನ್ನಾಗೇ ಆಗುತ್ತೆ. ನಿಮ್ಮ ಶುಗರ್ ನೋಡಿ ನನಗೆ ಧೈರ್ಯ ಬರಲ್ಲ" ಎಂದರು. ಆರು ಸ್ಕ್ರೂ ಹಾಕಿ, ತಿಂಗಳುಗಟ್ಟಲೆ ಕಾದು, ಆಮೇಲೆ ಫಿಕ್ಸ್ ಮಾಡುವುದು ಇನ್ನೊಂದು. ಅದಕ್ಕೆ ಹಿಂದುಗಡೆ ನನ್ನ ಮೂಳೆ ಸಾಲದು, ಮೊದಲು ಮೂಳೆ ತುಂಬಿಸಬೇಕು. ಮೂರನೆಯದರಲ್ಲಿ ಮುಂದುಗಡೆ ಎರಡೇ ಸ್ಕ್ರೂ. ಅವುಗಳ ತಲೆ ಗುಂಡಗೆ ಒಸಡಿನಿಂದ ಹೊರಗೆ ಕಾಣುತ್ತದೆ. ಹಲ್ಲಿನ ಸೆಟ್ಟನ್ನು ಅದರ ಮೇಲೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ.

"ಅಯ್ಯೋ, ಟಿಚ್ ಬಟನ್ನು!" ಎಂದೆ.

ಡಾಕ್ಟರಮ್ಮ ನಕ್ಕುಬಿಟ್ಟರು. ನಾನು ಬಿಡಲಿಲ್ಲ. "ಟಿಚ್ ಬಟನ್ ಆಮೇಲೆ ಸಡಿಲ ಆಗುತ್ತೆ ಡಾಕ್ಟ್ರೇ. ನಮ್ಗೆ ಗೊತ್ತಿಲ್ವಾ?"

"ಆಗುತ್ತೆ. ಸೆಟ್ ಒಳಗೆ ರಬ್ಬರ್ ರಿಂಗ್ ಇರುತ್ತೆ, ಸವೆದಾಗೆಲ್ಲ ಬದಲಾಯಿಸ್ಬೇಕು. ಸೆಟ್ ಕೆಳಗೆ ಅನ್ನ ಸೇರ್ಕೊಳ್ಳುತ್ತೆ, ದಿನಾ ತೆಗೆದು ತೊಳೀಬೇಕು. ರಾತ್ರಿ ತೆಗೆದಿಟ್ಟೇ ಮಲಗ್ಬೇಕು. ಮಟನ್ ತಿನ್ನಿ, ಮೂಳೆ ಕಡಿಯೋಕೆ ಹೋಗ್ಬೇಡಿ. ಫಿಕ್ಸ್ ಮಾಡಿದಷ್ಟು ಸುಖ ಇದರಲ್ಲಿಲ್ಲ."

ಮಾರುವವರು ತಮ್ಮ ಮಾಲಿನ ಹುಳುಕು ಹೇಳುವುದು ನಾನು ಕಂಡಿರಲಿಲ್ಲ. ಇದೂ ಒಂದು ವರಸೆಯೇ ಇರಬಹುದು ಎಂದುಕೊಂಡು ನನ್ನ ಆ ಪ್ರಶ್ನೆ ಕೇಳಿದೆ. ಎಡವಟ್ಟಾದರೆ?

"ಎರಡರ ಪಕ್ಕದಲ್ಲೂ ಜಾಗ ಬಿಟ್ಟೇ ಹಾಕ್ತೀನಿ. ಒಂದು ಹೋದ್ರೆ ಪಕ್ಕದಲ್ಲಿ ಇನ್ನೊಂದು. ಮುಂದೆ ಫಿಕ್ಸೇ ಬೇಕು ಅನ್ನಿಸಿದ್ರೂ ದಾರಿ ಮುಚ್ಚಿರಲ್ಲ."

ಒಳಗೆ ಬಟ್ಟೆ ಬಿಡುತ್ತಾರೆ ಎಂದಾಯಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಮೊದಲು ಮೂರು ತಿಂಗಳ ಸಕ್ಕರೆಯ ಲೆಕ್ಕ ತೋರಿಸುವ ಬ್ಲಡ್ ಟೆಸ್ಟ್ ಮಾಡಿಸಿ, ಅದು ಇಳಿಯುವವರೆಗೆ ಸ್ಕ್ರೂ ಹಾಕಲ್ಲ ಎಂದರು. ಲ್ಯಾಬಿನವರಿಂದ ಎಷ್ಟು ಕಮಿಷನ್ನೋ ಎಂದುಕೊಂಡು, ಅವರು ಹೇಳಿದ ಲ್ಯಾಬ್ ಬಿಟ್ಟು ಬೇರೆ ಕಡೆ ರಕ್ತ ಕೊಟ್ಟೆ. ರಿಪೋರ್ಟಿನಲ್ಲಿ ಸಕ್ಕರೆ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚಿತ್ತು. ಆ ಯುಗಾದಿಗೆ ಒಬ್ಬಟ್ಟು ಮಾಡಿ ಬಡಿಸಿದೆ. ತಿನ್ನಲಿಲ್ಲ.

ಸಕ್ಕರೆ ಸ್ವಲ್ಪ ಇಳಿದ ಮೇಲೆ, ಟಿಚ್ ಬಟನ್ನೇ ಇರಲಿ ಎಂದು ಒಪ್ಪಿಕೊಂಡೆ. ಕೀಳುವ ದಿನ ಬಂತು. ಚುಚ್ಚಿದರು. ತುಟಿ ಮರಗಟ್ಟಿತು. ಒಂದೊಂದೇ ಹಲ್ಲು ಟ್ರೇಯೊಳಗೆ ಬೀಳುವ ಸದ್ದು ಕೇಳುತ್ತಿತ್ತು. ಗಟ್ಟಿಯಾಗಿದೆ ಎಂದು ನಾನು ನಂಬಿದ್ದ ದವಡೆಹಲ್ಲು ಎರಡು ಸಲ ಅಲ್ಲಾಡಿಸುವುದರೊಳಗೆ ಕೈಗೆ ಬಂತು. ಎಲ್ಲ ಮುಗಿದ ಮೇಲೆ ಹತ್ತಿ ಕಚ್ಚಿಕೊಂಡೇ, ಟ್ರೇ ತೋರಿಸಿ ಎಂದು ಸನ್ನೆ ಮಾಡಿದೆ. ಬೇರಿನ ತುದಿಯವರೆಗೂ ಕಲ್ಲು ಕಟ್ಟಿಕೊಂಡು ಕಪ್ಪಾಗಿದ್ದವು. ಆಗ ಆ ಗಾಜಿನ ಬಾಗಿಲಿನ ಕ್ಲಿನಿಕ್ಕಿನ ಹುಡುಗ ಡಾಕ್ಟರೂ ನೆನಪಾದ. ಅವನು ಹೇಳಿದ್ದರಲ್ಲಿ ಇಷ್ಟು ಮಾತ್ರ ನಿಜವಾಗಿತ್ತು. ಮನೆಗೆ ಬಂದು ಕನ್ನಡಿ ನೋಡಿ ಅತ್ತೆ.

ಗಾಯ ಮಾಗಿ, ಸಕ್ಕರೆ ಇನ್ನೂ ಇಳಿದ ಮೇಲೆ ಎರಡು ಸ್ಕ್ರೂ ಒಳಗೆ ಹೋದವು. ಮೇಲೆ ಒಸಡು ಹೊಲಿದರು. ಮೂಳೆ ಸ್ಕ್ರೂವನ್ನು ಹಿಡಿಯುವವರೆಗೆ ಹಾಕಿಕೊಳ್ಳಲು ಒಂದು ಟೆಂಪರರಿ ಸೆಟ್ ಕೊಟ್ಟರು.

"ಇದು ಬರೀ ನೋಡೋರಿಗೆ. ಕಚ್ಚೋಕಲ್ಲ" ಎಂದು ಬೆರಳೆತ್ತಿ ಹೇಳಿದರು. ಗಂಜಿ, ಮುದ್ದೆ, ಮೆತ್ತಗಿನ ಅನ್ನ. ಅತ್ತಿಗೆಯ ಮಾತು ನಿಜವೇ, ಮುದ್ದೆಗೆ ಹಲ್ಲು ಬೇಡ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಊರೇ ಬ್ಲೌಸ್ ಹೊಲಿಸುತ್ತದೆ. ಹೆಬ್ಬೂರಿನಿಂದ ಬಸ್ಸಿನಲ್ಲಿ ಬಂದು ಗಂಟು ಕೊಟ್ಟು ಹೋಗುತ್ತಿದ್ದರು. ತಲೆ ಎತ್ತಲು ಬಿಡುವಿರಲಿಲ್ಲ. ಹಬ್ಬ ಮುಗಿಯುವ ಹೊತ್ತಿಗೆ ಎಡಗಡೆ ಒಸಡು ಊದಿ ಕೀವು ಕಟ್ಟಿತು. ನಮ್ಮ ಮನೆಯವರು ಡ್ಯೂಟಿಯಲ್ಲಿದ್ದರು. ಶಮೀಮಳನ್ನು ಕರೆದುಕೊಂಡು ಓಡಿದೆ. ಡಾಕ್ಟರಮ್ಮ ಒಸಡು ಬಿಡಿಸಿ ಮುಟ್ಟಿದರು.

ಸ್ಕ್ರೂ ತಿರುಗುತ್ತಿತ್ತು.

ಅಷ್ಟು ದಿನದಿಂದ ಕಾಯುತ್ತಿದ್ದವಳ ಹಾಗೆ ನಾನು ಶುರು ಮಾಡಿದೆ. "ನಂಗೆ ಮೊದ್ಲೇ ಅನುಮಾನ ಇತ್ತು. ಯಾವುದೋ ಚೈನಾ ಮಾಲು ಹಾಕಿದೀರ. ಹೇಳಿದ್ದೆಲ್ಲಾ ಮಾಡಿದೀನಿ ನಾನು, ಒಂದು ಕಡ್ಲೆಕಾಯಿ ಕೂಡ ಬಾಯಿಗೆ ಹಾಕಿಲ್ಲ."

"ಅಕ್ಕಾ, ದಾರ?" ಎಂದಳು ಶಮೀಮ್ ಮೆಲ್ಲಗೆ.

"ಯಾವ್ ದಾರ?"

"ಕಚ್ತಿದ್ರಲ್ಲಾ. ಹಬ್ಬದ ಬ್ಲೌಸ್ ಹೊಲಿಯೋವಾಗ. ದಿನಾ ಕಚ್ತಿದ್ರಿ. ನಾನೂ ಹೇಳ್ದೆ, ನೀವು ಹೂಂ ಅಂದ್ಬಿಟ್ಟು ಮತ್ತೆ ಕಚ್ಚಿದ್ರಿ."

ದೇವರಾಣೆ ನನಗೆ ಗೊತ್ತೇ ಇರಲಿಲ್ಲ. ಊಟದ ತಟ್ಟೆಯ ಮುಂದೆ ಅಷ್ಟು ಎಚ್ಚರವಾಗಿದ್ದವಳು ಮಿಷನ್ ಮುಂದೆ ಮೈಮರೆತಿದ್ದೆ. ಕಚ್ಚಿದ್ದು ನಾನಲ್ಲ, ನನ್ನ ಅಭ್ಯಾಸ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಈಗ ಬೈಯುತ್ತಾರೆ, ತಪ್ಪೆಲ್ಲ ನನ್ನ ತಲೆಗೇ ಕಟ್ಟುತ್ತಾರೆ ಎಂದು ಕಾದೆ.

"ದಾರನೂ ಇರ್ಬೋದು. ಶುಗರೂ ಇರ್ಬೋದು. ನನ್ನ ಕೈ ತಪ್ಪೂ ಇರ್ಬೋದು. ಇದೇ ಕಾರಣ ಅಂತ ಹೇಳೋಕಾಗಲ್ಲ ಸರೋಜಮ್ಮ" ಎಂದರು ಡಾಕ್ಟರಮ್ಮ.

ನನ್ನ ಕೈ ತಪ್ಪೂ ಇರಬಹುದು. ನಮ್ಮ ಕಸುಬಿನಲ್ಲಿ ಈ ಮಾತೇ ಇಲ್ಲ. ಕಟಿಂಗ್ ಕೆಟ್ಟರೆ "ನೀವು ದಪ್ಪ ಆಗಿದೀರ" ಎನ್ನುತ್ತೇವೆ.

ಸಡಿಲವಾದದ್ದನ್ನು ತೆಗೆದರು. ಗಾಯ ಮಾಗಿದ ಮೇಲೆ, ಬಿಟ್ಟಿದ್ದ ಜಾಗದಲ್ಲಿ ಹೊಸದೊಂದನ್ನು ಕೂರಿಸಿದರು. ಮತ್ತೆ ಕಾಯುವುದು. ಶಮೀಮ್ ಚಿಕ್ಕ ಕತ್ತರಿಗೆ ಲೇಸ್ ಕಟ್ಟಿ ನನ್ನ ಕುತ್ತಿಗೆಗೆ ಹಾಕಿದಳು. "ತಾಳಿ ಅಂದ್ಕೊಳಿ ಅಕ್ಕಾ, ತೆಗೀಬೇಡಿ" ಎಂದಳು. ಬಟ್ಟೆ ಬಾಯಿಯ ಹತ್ತಿರ ಹೋದಾಗಲೆಲ್ಲ ಕತ್ತರಿ ಎದೆಗೆ ತಾಗಿ ನೆನಪಿಸುತ್ತಿತ್ತು. ಹಾಗೂ ಮರೆತರೆ ಅವಳು ಸ್ಕೇಲಿನಿಂದ ಟೇಬಲ್ ಕುಟ್ಟುತ್ತಿದ್ದಳು.

ಕೊನೆಗೂ ಒಸಡು ಬಿಡಿಸಿ ಸ್ಕ್ರೂಗಳಿಗೆ ಗುಂಡು ತಲೆ ಕೂರಿಸಿದರು, ಸೆಟ್ ಬಂತು. ಡಾಕ್ಟರಮ್ಮ ನನ್ನ ಬೆರಳಿನಿಂದಲೇ ಒತ್ತಿಸಿದರು. ಟಿಕ್, ಟಿಕ್. ಎರಡೂ ಕಡೆ ಹಿಡಿಯಿತು. ನಾಲಿಗೆಯಿಂದ ತಳ್ಳಿದೆ, ಏಳಲಿಲ್ಲ. ಮಾತಾಡಿದೆ, ಕುಣಿಯಲಿಲ್ಲ. ಮನೆಗೆ ಬಂದು ಸೌತೆಕಾಯಿ ಹೋಳು ಕಚ್ಚಿದೆ. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು! ನಮ್ಮ ಮನೆಯವರು "ನಾನ್ ಹೇಳಿರ್ಲಿಲ್ವಾ, ಡಾಕ್ಟ್ರು ಒಳ್ಳೆಯೋರು ಅಂತ" ಎಂದರು. ಅವರಿಗೆ ಎಲ್ಲ ಡಾಕ್ಟರೂ ಒಳ್ಳೆಯವರೇ.

ಮಲಗುವ ಮುಂಚೆ ಸೆಟ್ ತೆಗೆದು ಲೋಟಕ್ಕೆ ಹಾಕುವಾಗ ಮೊದಮೊದಲು ನಾನೂ ಗೋಡೆಯ ಕಡೆ ತಿರುಗುತ್ತಿದ್ದೆ. ಈಗ ತಿರುಗುವುದಿಲ್ಲ. ಫಿಕ್ಸೆಡ್ ಮಾಡಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೋ ಏನೋ, ಗೊತ್ತಿಲ್ಲ. ಅನುಮಾನವೇನೂ ಪೂರ್ತಿ ಹೋಗಿಲ್ಲ. ದಿನಾ ಬೆಳಿಗ್ಗೆ ಒತ್ತಿ ಕೂರಿಸಿದ ಮೇಲೆ ಎರಡೂ ಕಡೆ ಒಮ್ಮೆ ಎಳೆದು ನೋಡುತ್ತೇನೆ.

ಮೊನ್ನೆ ಡಾಕ್ಟರಮ್ಮ ಅಂಗಡಿಗೆ ಬಂದರು. ಹಿಂದಿನ ವಾರ ಒಂದು ಬ್ಲೌಸ್ ಪೀಸ್ ಕೊಟ್ಟು ಹೋಗಿದ್ದರು.

"ಆಯ್ತಾ ಸರೋಜಮ್ಮ? ಗುರುವಾರ ಅಂದಿದ್ರಿ."

ಹುಕ್ಕೊಂದು ಬಾಕಿ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ನಾಲಿಗೆ ಆ ಹಲ್ಲಿನ ಸಾಲಿಗೆ ತಾಗಿತು. ಶಮೀಮ್ ತಲೆ ತಗ್ಗಿಸಿ ಕಾಜಾದಲ್ಲೇ ಮುಳುಗಿದ್ದಳು, ನಗು ಮುಚ್ಚಿಕೊಳ್ಳಲು ಎಂದು ನನಗೆ ಗೊತ್ತು.

"ಇಲ್ಲ ಡಾಕ್ಟ್ರೇ. ಇನ್ನೂ ಗಂಟೇ ಬಿಚ್ಚಿಲ್ಲ. ಹತ್ತು ದಿನ ಬೇಕು."

"ಆಗ್ಲಿ, ಹತ್ತು ದಿನ ಬಿಟ್ಟೇ ಬರ್ತೀನಿ. ಒಳಗೆ ಸ್ವಲ್ಪ ಜಾಸ್ತೀನೇ ಬಿಡಿ" ಎಂದು ಹೇಳಿ ಹೋದರು.

ಅವರು ರಸ್ತೆ ದಾಟುವ ಮೊದಲೇ ಗಂಟು ಬಿಚ್ಚಿ ಬಟ್ಟೆ ಹಾಸಿದೆ. ಪಕ್ಕದಲ್ಲಿ ಎರಡು ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ.