ವರನ ದವಡೆಹಲ್ಲು

ಬಿಳಿಜೋಳದ ಕಟಕ ರೊಟ್ಟಿಯನ್ನು ನೀವು ಕಡಿದಿದ್ದೀರೋ ಇಲ್ಲವೋ ಕಾಣೆ. ಕಡಿದಿದ್ದರೆ, ಅದು ಹಪ್ಪಳಕ್ಕೆ ಅಣ್ಣನೂ ಹೆಂಚಿಗೆ ತಮ್ಮನೂ ಆದ ಪದಾರ್ಥವೆಂದು ಒಪ್ಪುತ್ತೀರಿ. ನಿಜಾಮರ ಕಾಲದ ಕುಷ್ಟಗಿಯಲ್ಲಿ, ನನ್ನನ್ನು ನೋಡಲು ಬಂದ ವರನಿಗೆ ನಮ್ಮಜ್ಜಿ ಉಪ್ಪಿಟ್ಟಿನ ಬದಲು ಬಡಿಸಿದ್ದು ಅದನ್ನೇ.

ವರ ಹನುಮಸಾಗರದವರು. ಒಳ್ಳೆಯ ಮನೆತನ, ಎರೆಹೊಲ. ಆಳು ಮಾತ್ರ ಒಣಗಿದ ಜೋಳದ ದಂಟು. ಆಗಾಗ ಜ್ವರ, ಸದಾ ಅಜೀರ್ಣ; ಕಷಾಯ ಕುಡಿಸಿ, ತಾಯಿತ ಕಟ್ಟಿಸಿ ಅವರ ತಾಯಿ ಸೋತಿದ್ದರು. ವರ ರೊಟ್ಟಿಯನ್ನು ಎಡದವಡೆಗೆ ತಳ್ಳಿ, ಅರೆಬರೆ ಅಗಿದು, ನೀರಿನೊಂದಿಗೆ ನುಂಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ; ಅಜ್ಜಿ ಎದುರಿಗೇ ಕೂತು ನೋಡಿದರು.

“ತಮ್ಮಾ, ಒಂದೀಟು ಬಾಯಿ ತಗಿ.”

ವರನ ತಾಯಿ ಕೆಂಪಗಾದರು. “ಏನ್ರಿ ಇದು? ಎತ್ತಿನ ಸಂತಿಗೆ ಬಂದೀವೇನ್ರಿ ನಾವು?”

“ಎತ್ತು ಕೆಟ್ಟರ ಮುಂದಿನ ಸಂತಿಗೆ ಹೊಡಕೊಂಡು ಹೋಗಿ ಮಾರಬಹುದು ನೋಡ್ರಿ,” ಎಂದರು ಅಜ್ಜಿ. “ಅಳಿಯನ್ನ ಎಲ್ಲಿ ಮಾರೂದು?”

ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಆದರೆ ಆ ಪುಣ್ಯಾತ್ಮ ನಾಚದೆ ಬಾಯಿ ತೆರೆದರು. ನಾನು ಮನಸೋತದ್ದು ಅಲ್ಲಿಯೇ. ಬಲಗಡೆ ಎರಡು ದವಡೆಹಲ್ಲು ಕೊಳೆತು, ವಸಡಿನಲ್ಲಿ ಕೀವು ತುಂಬಿತ್ತು.

“ಕೆಟ್ಟದ್ದು ಬಾಗಲದಾಗ ಕುಂತೈತಿ, ನೀವು ಹಿತ್ತಲಕ್ಕ ಔಷಧ ಹಾಕಾಕತ್ತೀರಿ. ಮೊದಲ ಅದನ್ನ ಕೀಳಸ್ರಿ. ಆಮ್ಯಾಲ ಮದಿವಿ ಮಾತು.”

ವರನ ತಾಯಿ ಮಗನನ್ನು ಎಬ್ಬಿಸಿಕೊಂಡು ಹೊರಟೇ ಹೋದರು. ಸಂಬಂಧ ಮುರಿಯಿತೆಂದು ಅಪ್ಪ ಅಜ್ಜಿಯೊಡನೆ ಮಾತು ಬಿಟ್ಟರು. ನಾನು ಊಟ ಬಿಟ್ಟೆ, ಅಂದರೆ ಎಲ್ಲರೆದುರು ಬಿಟ್ಟೆ.

ಅತ್ತ ವರ ಕೊಪ್ಪಳದ ದವಾಖಾನೆಗೆ ಹೋಗಿ ಎರಡೂ ಹಲ್ಲು ಕೀಳಿಸಿಕೊಂಡಿದ್ದರು. ತುತ್ತಿನ ಜೊತೆಗೆ ಕೀವೂ ಹೊಟ್ಟೆಗಿಳಿದು, ಅದರ ನಂಜು ಮೈಗೆಲ್ಲ ಏರಿತ್ತು ಎಂದರಂತೆ ಡಾಕ್ಟರರು. ನಾವೋ, ಬಾಯಿಯನ್ನು ಮಾತಿಗೂ ಮೈಯನ್ನು ವೈದ್ಯರಿಗೂ ಪಾಲು ಹಾಕಿಕೊಟ್ಟು, ಎರಡೂ ಒಂದೇ ಮನೆಯವೆಂಬುದನ್ನು ಮರೆತುಬಿಡುತ್ತೇವೆ.

ಸುಗ್ಗಿ ಮುಗಿಯುವ ಹೊತ್ತಿಗೆ ಅವರು ತಾಯಿಯನ್ನು ಕರೆದುಕೊಂಡು ಮತ್ತೆ ಬಂದರು. ಜ್ವರ ಬಿಟ್ಟಿತ್ತು, ಕೆನ್ನೆ ತುಂಬಿತ್ತು, ಕಣ್ಣಿಗೆ ತುಂಟತನವೂ ಬಂದಿತ್ತು.

“ನನ್ನ ಬಾಯಿ ನೀವು ನೋಡಿದ್ರಿ. ಈಗ ಹುಡಿಗಿ ಬಾಯಿ ನಾನು ನೋಡಬೇಕ್ರಿ,” ಎಂದರು ಅಜ್ಜಿಗೆ.

ಅಪ್ಪನ ಕೈ ಮತ್ತೆ ತಲೆಗೆ ಹೋಯಿತು. ಅಜ್ಜಿ ಮಾತ್ರ ಎಲೆಯಡಿಕೆ ಮಡಿಸುತ್ತಲೇ ಹೇಳಿದರು: “ಆಕಿ ಬಾಯಿ ನೋಡೂದು ಬ್ಯಾಡಪಾ. ಮದಿವ್ಯಾದ ಮ್ಯಾಲ ದಿನಾ ಕೇಳ್ತೀ.”

ಮೊದಲು ನಕ್ಕವರು ಅವರ ತಾಯಿ, ಆಮೇಲೆ ಅಪ್ಪ. ನನಗೆ ತಕ್ಕ ಉತ್ತರ ಹೊಳೆದಿತ್ತು. ಆದರೆ ಮದುವೆಯಾಗಬೇಕಿತ್ತಲ್ಲ, ಅದೊಂದು ದಿನ ಬಾಯಿ ಮುಚ್ಚಿಕೊಂಡೆ.