ತಾಯಿಯನ್ನು ಮೊದಲು ಹಾರಿಸಬೇಕು

ನರ್ಸಬಾಯಿಯ ಅಂಗೈಗಳು ಸದಾ ಒಣಗಿ ಬಿರುಕು ಬಿಟ್ಟಿರುತ್ತಿದ್ದವು. ಜೀವಮಾನವೆಲ್ಲ ಡೆಟಾಲ್ ನೀರಿನಲ್ಲಿ ತೊಳೆದ ಕೈ. ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಮೆತ್ತಗಾಗಲಿಲ್ಲ. ಆ ಕೈಯಿಂದ ಚಪ್ಪಾಳೆ ಹೊಡೆದರೆ ಹಲಗೆಗೆ ಹಲಗೆ ಬಡಿದ ಹಾಗೆ ಕೇಳುತ್ತಿತ್ತು. ದುಮ್ಮವಾಡದ ನಮ್ಮ ಓಣಿಯಲ್ಲಿ ಆ ಕೈ ಹಿಡಿದು ಹೆತ್ತ ಹೆಂಗಸರು ಬಹಳ ಮಂದಿ. ನನ್ನ ಮಗಳು ಹುಟ್ಟಿದಾಗ ಮೊದಲು ಎತ್ತಿ ನನ್ನ ಮಡಿಲಿಗೆ ಹಾಕಿದ್ದೂ ಅದೇ ಕೈ.

ನರ್ಸಬಾಯಿ ಕೊಂಕಣದ ಕಡೆಯ ಯೆಹೂದಿಗಳು. ಸರಕಾರಿ ದವಾಖಾನೆಯ ಕೆಲಸಕ್ಕೆಂದು ಒಬ್ಬರೇ ಬಂದು, ನಿವೃತ್ತಿಯಾದ ಮೇಲೂ ನಮ್ಮೆದುರಿನ ಮನೆಯಲ್ಲೇ ಉಳಿದರು. ಊರವರು ಕೆಲವರು ಅವರನ್ನು ಕ್ರಿಶ್ಚಿಯನ್ ಅಂದರು, ಕೆಲವರು ಮುಸಲ್ಮಾನರು ಅಂದರು. ಬಾಯಿ ಯಾರನ್ನೂ ತಿದ್ದಲು ಹೋಗಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮೊದಲೇ ದೀಪ ಹಚ್ಚಿಟ್ಟು, ಶನಿವಾರ ಒಲೆ ಹೊತ್ತಿಸದೆ ತಂಗಳು ಉಣ್ಣುತ್ತಿದ್ದರು. ಹೆರಿಗೆ ಎಂದು ಯಾರಾದರೂ ಓಡಿ ಬಂದರೆ ಮಾತ್ರ ಶನಿವಾರವೂ ಇಲ್ಲ, ಗಿನಿವಾರವೂ ಇಲ್ಲ.

ಒಮ್ಮೆ ಅವರ ಹಿತ್ತಿಲ ಬೇಲಿಯ ಬುಡದಲ್ಲಿ ಗೌಜಲಕ್ಕಿ ತತ್ತಿ ಇಟ್ಟಿತ್ತು. ಬಯಲಿನಲ್ಲಿ ಆ ಹಕ್ಕಿ ಯಾರ ಕೈಗೂ ಸಿಗುವುದಿಲ್ಲ. ಕಾವು ಕೂತಾಗ ಮಾತ್ರ ಎದ್ದು ಹೋಗದು. ಮೆಲ್ಲಗೆ ಹೋಗಿ ಬುಟ್ಟಿ ಕವುಚಿದರೆ ಮುಗಿಯಿತು. ನಮ್ಮ ಕಾಕಾ ಬುಟ್ಟಿ ಹಿಡಿದು ಬಂದ. ಬಾಯಿ ಅವನಿಗಿಂತ ಮುಂದೆ ನುಗ್ಗಿ ಚಟ್ ಚಟ್ ಎಂದು ಚಪ್ಪಾಳೆ ಹೊಡೆದರು. ಹಕ್ಕಿ ಭರ್ರನೆ ಹಾರಿತು.

"ಏನ್ರೀ ಬಾಯಾರ, ಕೈಗೆ ಬಂದಿದ್ದನ್ನ ಹಾರಿಸಿಬಿಟ್ರಲ್ಲ!"

"ತತ್ತಿ ಬೇಕಂದ್ರ ತಗೋ. ತಾಯಿನ್ನ ಮೊದಲ ಹಾರಿಸಬೇಕು. ನಮ್ಮ ಧರ್ಮದ ಪುಸ್ತಕ ತೋರಾದಾಗ ಹಂಗ ಹೇಳೈತಿ. ಹಾರಿಸಿದವರಿಗೆ ಆಯುಷ್ಯ ಹೆಚ್ಚಂತ."

ಕಾಕಾ ನಕ್ಕ. ಬಾಯಿ ನಗಲಿಲ್ಲ.

"ಆಕಿಗೆ ರೆಕ್ಕಿ ಇದ್ದಿಲ್ಲೇನು? ತತ್ತಿ ಮ್ಯಾಲಿನ ಜೀವಕ್ಕ ಕುಂತಿದ್ಲು. ಆಕಿ ಕರುಳನ್ನ ಬುಟ್ಟಿ ಮಾಡ್ಕೊಂಡು ಹಿಡಿತೀಯಲ್ಲ, ಇದು ಬ್ಯಾಟಿ ಅಲ್ಲೋ, ಮೋಸ."

ಕಾಕಾ ಗೊಣಗುತ್ತ ಹೋದ. ತತ್ತಿಯನ್ನು ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹಕ್ಕಿ. ಸಂಜೆ ಅದು ತಿರುಗಿ ಬಂದು ಕೂತದ್ದನ್ನು ಬಾಯಿ ನನ್ನನ್ನು ಕರೆದು ತೋರಿಸಿದರು.

ಆಗ ನಾನು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದೆ. ಗಂಡ ನನ್ನ ಎಡಗೈ ಮುರಿದಿದ್ದ. ಮೊಲೆ ಕುಡಿಯುವ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳನ್ನು ಬಾಯಿಯೇ ಠಾಣೆಗೆ ಕರೆದೊಯ್ದು ದೂರು ಕೊಡಿಸಿದ್ದರು. ಮತ್ತೆ ಆ ಮನೆಗೆ ಹೋದರೆ ಜೀವಂತ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ, ಅವ್ವ ಇಬ್ಬರೂ ಹೊಲದಲ್ಲಿದ್ದರು. ಬಾಗಿಲಿಗೆ ಕಾರು ಬಂತು. ಓಡಿಸುತ್ತಿದ್ದವನು ಮೈದುನ, ಇಳಿದವಳು ಅತ್ತೆ. "ಮೊಮ್ಮಗಳನ್ನ ನೋಡಾಕ ಬಂದೇನವ್ವ" ಎನ್ನುತ್ತ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಮುದ್ದು ಮಾಡುತ್ತ ಮಾಡುತ್ತ ಹೊರಗೆ ನಡೆದು ಕಾರಿನಲ್ಲಿ ಕೂತಳು.

"ನೀನೂ ಹತ್ತು. ಕೂಸಿಗೆ ಹಾಲು ಬ್ಯಾಡೇನು? ಕೇಸ್ ವಾಪಸ್ ತಗೊಂಡ್ರ ಎಲ್ಲಾ ಸರಿ ಹೋಗತೈತಿ."

ಕೂಸು ಅಳತೊಡಗಿತು. ನನ್ನ ಎದೆಹಾಲು ತಾನೇ ಇಳಿದು ಕುಪ್ಪಸ ತೊಯ್ದುಹೋಯಿತು. ಗಂಡನ ಹೊಡೆತ, ಮುರಿದ ಕೈ, ಯಾವುದೂ ನೆನಪಾಗಲಿಲ್ಲ. ಬರಿಗಾಲಲ್ಲಿ ಓಡಿ ಕಾರಿನ ಬಾಗಿಲಿಗೆ ಕೈ ಹಾಕಿದೆ.

ಬೆನ್ನ ಹಿಂದೆ ಚಟ್ ಚಟ್ ಎಂದು ಕೇಳಿತು.

"ಹತ್ತಬ್ಯಾಡ ಪೋರಿ! ಒಳಗ ಹೋಗು!"

"ನನ್ನ ಕೂಸು ಬಾಯಿ..."

"ಹೋಗು ಅಂದ್ನಲ್ಲ!"

ಹಕ್ಕಿಯನ್ನು ಅಟ್ಟಿದ ಹಾಗೆಯೇ ಚಪ್ಪಾಳೆ ಹೊಡೆಯುತ್ತ, ದಬ್ಬುತ್ತ, ನನ್ನನ್ನು ತಮ್ಮ ಮನೆಯೊಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. ನಾನು ಬಾಗಿಲು ಬಡಿದೆ. ಬಾಯಿಗೆ ಬಂದಂತೆ ಬೈದೆ. ಆ ಗಳಿಗೆಯಲ್ಲಿ ಅತ್ತೆಗಿಂತ ಈಕೆಯೇ ನನಗೆ ವೈರಿಯಾಗಿದ್ದಳು.

ಹೊರಗೆ ಬಾಯಿಯ ದನಿ ಕೇಳುತ್ತಿತ್ತು. "ನಡ್ರಿ, ಒಯ್ರಿ. ತಾಯಿ ಬರೂದಿಲ್ಲ. ಕೂಸು ಬಾಟ್ಲಿ ಹಿಡಿಯೂದಿಲ್ಲ, ಅದನ್ನ ತಿಳಕೊಳ್ರಿ. ನಾ ಠಾಣೆಕ್ಕ ಫೋನ್ ಹಚ್ಚತೇನಿ."

ಕಾರು ಹೊರಟಿತು. ಕೂಸಿನ ಅಳು ಓಣಿಯ ತುದಿಗೆ ಹೋಯಿತು, ಸಣ್ಣದಾಯಿತು, ನಿಂತೇ ಹೋಯಿತು. ನಾನು ಬಾಗಿಲು ಬಡಿಯುವುದನ್ನು ಬಿಟ್ಟು ಕುಸಿದು ಕೂತೆ. ಆಗ ಬಾಗಿಲ ಆಚೆ ಏನೋ ಪಿಸುಗುಟ್ಟುವುದು ಕೇಳಿಸಿತು. ಕನ್ನಡವಲ್ಲ, ಮರಾಠಿಯೂ ಅಲ್ಲ. ಬಾಯಿ ಬಾಗಿಲಿಗೆ ಒರಗಿ ತಮ್ಮ ದೇವರನ್ನು ಬೇಡಿಕೊಳ್ಳುತ್ತಿದ್ದರು. ಅವರಿಗೂ ನನ್ನಷ್ಟೇ ಹೆದರಿಕೆಯಾಗಿದೆ ಎಂದು ತಿಳಿದದ್ದು ಆಗಲೇ. ಅದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಿತು.

ಎಷ್ಟು ಹೊತ್ತಾಯಿತೋ ತಿಳಿಯದು. ಮತ್ತೆ ಅಳು ಕೇಳಿತು. ಮೊದಲು ದೂರದಲ್ಲಿ, ಆಮೇಲೆ ಓಣಿಯಲ್ಲಿ. ಕಾರಿನ ಬಾಗಿಲು ದಡ್ ಎಂದಿತು.

"ತಗೋರಿ ನಿಮ್ಮ ಕೂಸು. ಅವ್ವ ಇಲ್ದ ಈ ಹೆಣ್ಣು ಕೂಸು ಕಟಗೊಂಡು ನಾವೇನ ಮಾಡೂಣು?" ಅತ್ತೆಯ ದನಿ.

ಚಿಲಕ ತೆಗೆದು ಬಾಯಿ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಅತ್ತು ಅತ್ತು ಅದರ ಮುಖ ಕೆಂಪಾಗಿತ್ತು. ಮೊಲೆಗೆ ಹಾಕಿಕೊಂಡ ಮೇಲೆ ಕೇಳಿದೆ: "ಒಯ್ದ ಬಿಟ್ಟಿದ್ರ, ಬಾಯಿ?"

"ಅವರಿಗೆ ಬೇಕಾಗಿದ್ದು ನೀನು" ಎಂದರು. "ಒಯ್ದಿದ್ರ ನಾ ನಿನಗ ಮಾರಿ ತೋರಸ್ತಿರಲಿಲ್ಲ" ಎಂದರು. ನೀರಿನ ತಂಬಿಗೆ ತಂದು ನನ್ನ ಪಕ್ಕದಲ್ಲಿಟ್ಟರು.

ದೂರನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೋರ್ಟಿನಲ್ಲಿ ಗಂಡನಿಂದ ಬಿಡುಗಡೆಯಾಯಿತು. ಈಗ ಅಂಗನವಾಡಿಯಲ್ಲಿ ಅಡಿಗೆ ಮಾಡುತ್ತೇನೆ, ಮಗಳು ಸಾಲೆಗೆ ಹೋಗುತ್ತಾಳೆ.

ಹಾರಿಸಿದವರಿಗೆ ಆಯುಷ್ಯ ಹೆಚ್ಚು ಎಂದಿದ್ದರು ಬಾಯಿ. ಹೋದ ಮಳೆಗಾಲದಲ್ಲಿ ಜ್ವರ ಬಂದು, ಇನ್ನೂ ಗಟ್ಟಿಮುಟ್ಟಾಗಿದ್ದವರು ಹೊರಟೇ ಹೋದರು. ಅವರ ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೊಂಕಣದಿಂದ ಬಂದ ಅವರ ಅಕ್ಕನ ಜೊತೆ ನಾನೂ ಕೂತು ಬಾಯಿಯ ಮೈ ತೊಳೆದೆ. ಕೈಗಳನ್ನು ತೊಳೆಯುವಾಗ ಬಿರುಕುಗಳು ನನ್ನ ಬೆರಳಿಗೆ ತಾಗಿದವು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಹೊರಗೆ ಬಂದಾಗ ಮಗಳು ಕೇಳಿದಳು: "ಬಾಯಿ ನಮಗೇನ ಆಗಬೇಕವ್ವಾ, ಇಷ್ಟ ಅಳಾಕತ್ತೀದಿ?"

"ನಿನ್ನ ನನ್ನ ಮಡಲಿಗೆ ಎರಡ ಸಲ ಹಾಕ್ಯಾರವ್ವ" ಎಂದೆ.