ಎಮ್ಮೆಬಂಡೆಯ ಆಚೆ

ಅದು ಜಲಪಾತವಲ್ಲ. ಹಾಲಪ್ಪನವರ ಎದುರು ಯಾರಾದರೂ ಅದನ್ನು ಜಲಪಾತವೆಂದರೆ ಅವರು ಮಾತನ್ನು ಅಲ್ಲಿಯೇ ತಡೆದು ತಿದ್ದುತ್ತಿದ್ದರು. ಎತ್ತರದಿಂದ ಧುಮುಕುವುದು ಜಲಪಾತ. ಕಲ್ಲಿನ ಬಿರುಕಿನಿಂದ ಜಿನುಗಿ ಗುಂಡಿಯಲ್ಲಿ ನಿಲ್ಲುವುದು ಒರತೆ. ಮಳೆಗಾಲದಲ್ಲಿ ಪಕ್ಕದ ಹಳ್ಳ ಭೋರ್ಗರೆಯುತ್ತದೆಂಬ ಕಾರಣಕ್ಕೆ ಒರತೆಯ ಹೆಸರು ಬದಲಾಗುವುದಿಲ್ಲ.

ಜಗಳೂರು ಕಡೆಯವರಾದ ಹಾಲಪ್ಪನವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು, ಸೂರತ್ತಿನ ಉಧ್ನಾದಲ್ಲಿ ನಿವೃತ್ತರಾಗಿ, ಅಲ್ಲಿಯೇ ನೆಲೆಸಿದವರು. ಮಗ್ಗದ ಕಾರ್ಖಾನೆಗಳ ಸದ್ದು ತಲೆಗೇರಿದಾಗಲೆಲ್ಲ ಬಿಲಿಮೋರಾಕ್ಕೆ ಹೋಗಿ, ಅಲ್ಲಿಂದ ವಘಈಗೆ ಹೋಗುವ ಸಣ್ಣ ಗೇಜಿನ ರೈಲು ಹತ್ತಿ, ಡಾಂಗ್ ಜಿಲ್ಲೆಯ ಗುಡ್ಡಗಳಲ್ಲಿ ನಡೆದು ಬರುತ್ತಿದ್ದರು. ಪತ್ನಿ ಸುಲೋಚನಮ್ಮ ಮೊಮ್ಮಗಳಿಗೆ ಹೇಳುತ್ತಿದ್ದರು: “ನಿಮ್ಮಜ್ಜ ರಿಟೈರಾದ್ರೂ ಡ್ಯೂಟಿ ಬಿಟ್ಟಿಲ್ಲ ಕಣವ್ವ. ಗುಡ್ಡಕ್ಕೆಲ್ಲ ಹಸಿರು ಸಿಗ್ನಲ್ ಕೊಟ್ಟು ಬರ್ತಾರೆ.”

ಒರತೆಯನ್ನು ತೋರಿಸಿದವರು ಅಲ್ಲಿನ ಆದಿವಾಸಿ ಹಾಡಿಯ ಕಾಶೀಬೆನ್. ಬೇಸಿಗೆಯಲ್ಲಿ ಹಳ್ಳ ಬತ್ತಿದ ಮೇಲೆ ಆ ಮನೆಗಳಿಗೆಲ್ಲ ಕುಡಿಯಲು ಇದ್ದದ್ದು ಅದೊಂದೇ ನೀರು. ಆದುದರಿಂದಲೇ ಕಾಶೀಬೆನ್ ಮೊದಲ ದಿನವೇ ಮಾತು ತೆಗೆದುಕೊಂಡಿದ್ದರು. ದಾರಿಗೆ ಅಡ್ಡಲಾಗಿ ಮಲಗಿರುವ ಕರಿಬಂಡೆಯ ಈಚೆಗೇ ಚಪ್ಪಲಿ ಬಿಡಬೇಕು. ಗುಂಡಿಗೆ ಕಾಲು ಹಾಕಬಾರದು, ಸೋಪು ತರಬಾರದು. “ನಿಮ್ಮವರನ್ನು ಬೇಕಾದರೆ ಕರೆದುಕೊಂಡು ಬನ್ನಿ, ಹಾಲಪ್ಪಾಭಾಯ್. ಊರಿನವರನ್ನೆಲ್ಲ ಬೇಡ.”

ಹಾಲಪ್ಪನವರು ಒಪ್ಪಿದರು. ಒಪ್ಪಿದ ಮೇಲೆ ಹಾಡಿಯ ಹೆಸರನ್ನು ಸೂರತ್ತಿನಲ್ಲಿ ಒಮ್ಮೆಯೂ ಉಚ್ಚರಿಸಲಿಲ್ಲ. ಈ ಕಥೆಯಲ್ಲೂ ಅದು ಬರುವುದಿಲ್ಲ. ಕೆಸರಿನಲ್ಲಿ ಮಲಗಿದ ಎಮ್ಮೆಯಂತಿದ್ದ ಆ ಕರಿಬಂಡೆಗೆ ಮಾತ್ರ ಮನೆಮಟ್ಟಿಗೆ ಒಂದು ಕನ್ನಡದ ಹೆಸರಿಟ್ಟರು: ಎಮ್ಮೆಬಂಡೆ. ಉಧ್ನಾದ ರಸ್ತೆಯಲ್ಲಿ ನಿಂತು ಕೂಗಿ ಹೇಳಿದರೂ ಯಾರಿಗೂ ತಿಳಿಯದ ಹೆಸರು.

ಮಗಳ ಮಗಳು ಪ್ರೇರಣಾಳಿಗೆ ಆ ಹೆಸರು ಬಾಯಿಗೆ ಹತ್ತಲಿಲ್ಲ. ಸೂರತ್ತಿನಲ್ಲೇ ಹುಟ್ಟಿ ಬೆಳೆದ ಮಗು. ಕನ್ನಡ ಅಜ್ಜ ಅಜ್ಜಿಯ ಮುಂದೆ ಮಾತ್ರ, ಅದೂ ಅರೆಬರೆ. ಅವಳ ಬಾಯಲ್ಲಿ ಎಮ್ಮೆ ಸದಾ ‘ಅಮ್ಮೆ’. ಹಾಲಪ್ಪನವರು ಎಷ್ಟು ತಿದ್ದಿದರೂ ಅಮ್ಮೆಬಂಡೆಯೇ. “ಬಿಡ್ರಿ ಅತ್ಲಾಗೆ,” ಎನ್ನುತ್ತಿದ್ದರು ಸುಲೋಚನಮ್ಮ. “ಹಾಲು ಕೊಡಾಕಿ ಅಂದ್ಮೇಲೆ ಅಮ್ಮನೂ ಹೌದು.” ತಿದ್ದಿ ತಿದ್ದಿ ಕೊನೆಗೆ ಕೈಬಿಟ್ಟ ತಪ್ಪು ಹಾಲಪ್ಪನವರ ಮನೆಯಲ್ಲಿ ಅದೊಂದೇ.

ಪ್ರೇರಣಾ ವಡೋದರಾದಲ್ಲಿ ಓದು ಮುಗಿಸಿ, ಅಲ್ಲಿಯೇ ಫತೇಗಂಜ್‌ನಲ್ಲಿ ಕೊಠಡಿ ಹಿಡಿದು, ಜನರನ್ನು ಗುಡ್ಡ ಕಾಡುಗಳಿಗೆ ಕರೆದೊಯ್ಯುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಕಳೆದ ಮಳೆಗಾಲದಲ್ಲಿ ತಾನಾಗಿಯೇ ಬಂದು, “ಅಜ್ಜ, ಅಮ್ಮೆಬಂಡೆಗೆ ಹೋಗೋಣ,” ಎಂದಾಗ ಹಾಲಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವಳು ಪ್ರಶ್ನೆ ಕೇಳಿದಳು, ಫೋಟೊ ತೆಗೆದಳು. ಎಲ್ಲಿ ಕವಲು, ಎಲ್ಲಿ ಜಾರು, ಎಲ್ಲಿ ಹಳ್ಳ ದಾಟಬೇಕು ಎಂಬುದನ್ನೆಲ್ಲ ಅವರು ಹೊಸ ಸಿಬ್ಬಂದಿಗೆ ಲೈನು ತೋರಿಸುವಷ್ಟು ಶ್ರದ್ಧೆಯಿಂದ ವಿವರಿಸಿದರು. ಒರತೆಯ ಬಳಿ ಅವಳು ಕಾಶೀಬೆನ್‌ರನ್ನು ಗುಜರಾತಿಯಲ್ಲಿ ಕೇಳಿದಳು: “ನಮ್ಮವರು ಒಂದಿಷ್ಟು ಜನ ಬರಬಹುದಾ, ಮಾಸಿ?” ಕಾಶೀಬೆನ್ ಅವಳಿಗೆ ಉತ್ತರ ಕೊಡದೆ ಹಾಲಪ್ಪನವರ ಮುಖ ನೋಡಿದರು. ಹಾಲಪ್ಪನವರು ಹೂಂ ಎಂದು ತಲೆಯಾಡಿಸಿದರು. ಬರುವವರು ಮೊಮ್ಮಗಳ ಗೆಳತಿಯರೆಂದೇ ಅವರು ತಿಳಿದಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಉದ್ಯಾನದ ಬೆಂಚಿನಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಕನ್ನಡಿಗ ಚಂದ್ರಶೇಖರ ತಮ್ಮ ಮೊಬೈಲನ್ನು ಅವರ ಮುಂದೆ ಹಿಡಿದರು. “ಹಾಲಪ್ಪನೋರೇ, ಇಲ್ನೋಡಿ. ಡಾಂಗಿನ ಆದಿವಾಸಿಗಳು ಕನ್ನಡ ಕಲ್ತುಬಿಟ್ಟವ್ರೆ.”

ಅದೊಂದು ಗುಜರಾತಿ ಜಾಹೀರಾತು; ಬಂಡೆಯ ಹೆಸರು ಮಾತ್ರ ಕನ್ನಡ. ‘ಆದಿವಾಸಿಗಳು ಶತಮಾನಗಳಿಂದ ಪೂಜಿಸುತ್ತಿರುವ ಅಮ್ಮೆ ಬಂಡೆ. ತಾಯಿಯ ಎದೆಹಾಲಿನಂತೆ ಸುರಿಯುವ ಗುಪ್ತ ಜಲಪಾತ. ಬನ್ನಿ, ಮನದಣಿಯೆ ಮೀಯಿರಿ.’

ಹಾಲಪ್ಪನವರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದರು. ಪೂಜೆ ಸುಳ್ಳು, ಶತಮಾನ ಸುಳ್ಳು, ಎದೆಹಾಲು ಸುಳ್ಳು, ಜಲಪಾತ ಸುಳ್ಳು. ಕೆಳಗೆ ನಕ್ಷೆಯಿತ್ತು. ಕವಲು, ಜಾರು, ಹಳ್ಳ ದಾಟುವ ಜಾಗ, ಎಲ್ಲವೂ ಇದ್ದಲ್ಲೇ ಇದ್ದವು. ಅಷ್ಟು ಸುಳ್ಳಿನ ನಡುವೆ ದಾರಿಯೊಂದೇ ನಿಜವಾಗಿತ್ತು. ಇನ್ನು ಆ ಹೆಸರು: ಎಮ್ಮೆಯನ್ನು ಅಮ್ಮೆ ಎನ್ನುವ ಬಾಯಿ ಈ ಲೋಕದಲ್ಲಿ ಒಂದೇ ಇತ್ತು.

“ಯಾಕ್ರೀ, ಮುಖ ಬಿಳಿಚ್ಕೊಂತು?” ಎಂದರು ಚಂದ್ರಶೇಖರ.

“ತಪ್ಪು ಬರೆದಿದಾರೆ,” ಎಂದಷ್ಟೇ ಹೇಳಿ ಹಾಲಪ್ಪನವರು ಎದ್ದರು.

ಮನೆಗೆ ಬಂದು ಫೋನ್ ಮಾಡಿದರು. ಪ್ರೇರಣಾ ಖುಷಿಯಾಗಿದ್ದಳು. “ನೋಡಿದ್ರಾ ಅಜ್ಜ? ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ರೂಟಿಗೆ ನಿಮ್ದೇ ಹೆಸರು. ‘ಹಾಲಪ್ಪಾ ಟ್ರೇಲ್’.”

“ನಾನು ಮಾತು ಕೊಟ್ಟಿದ್ದೆ ಕಣವ್ವ. ನಮ್ಮವರು ಬಿಟ್ಟು ಬೇರೆಯವರನ್ನ ತರಲ್ಲ ಅಂತ.”

“ನಮ್ಮವರೇ ಅಲ್ವಾ, ನಮ್ಮ ಕಸ್ಟಮರ್ಸ್. ಮತ್ತೆ ನಾನು ಪೂಛೀನೇ ಮಾಡಿದ್ದು. ಕೇಳ್ದೆ ಏನೂ ಮಾಡಿಲ್ಲ. ಮಾಸಿ ನಿಮ್ಮನ್ನ ನೋಡಿದ್ರು, ನೀವು ಹಾಂ ಅಂದ್ರಿ.”

ಸೇವೆಯುದ್ದಕ್ಕೂ ಲೈನು ಖಾಲಿ ಇದೆಯೆಂದು ಖಾತ್ರಿಯಾಗದೆ ಕೆಂಪನ್ನು ಹಸಿರು ಮಾಡಲು ಬಿಡದಿದ್ದ ಮನುಷ್ಯ ಅಂದು ಯಾರು, ಎಷ್ಟು ಜನ ಎಂದು ಕೇಳದೆಯೇ ತಲೆಯಾಡಿಸಿದ್ದರು. ಆ ತಲೆಯಾಟವನ್ನೇ ಅವಳು ಒಪ್ಪಿಗೆಯ ಮೊಹರಾಗಿ ಬಳಸಿಕೊಂಡಿದ್ದಳು.

“ಅದನ್ನ ತೆಗೆಸು. ಎಲ್ಲಾ ತಪ್ಪೈತೆ.”

“ಓಕೆ ಅಜ್ಜ, ಸರಿ ಮಾಡಿಸ್ತೀನಿ.”

ಸರಿ ಮಾಡಿಸಿದಳು. ಮುಂದಿನ ವಾರ ಚಂದ್ರಶೇಖರರ ಮೊಬೈಲಿನಲ್ಲಿ ಅದೇ ಜಾಹೀರಾತು, ಅದೇ ನಕ್ಷೆ, ಅದೇ ಎದೆಹಾಲು. ‘ಅಮ್ಮೆ’ ಎಂದಿದ್ದ ಕಡೆಯಲ್ಲೆಲ್ಲ ‘ಎಮ್ಮೆ’ ಎಂದಾಗಿತ್ತು. ಬಾಲ್ಯದಲ್ಲಿ ತಿದ್ದಲಾಗದ ತಪ್ಪು ಕೊನೆಗೂ ತಿದ್ದಿಕೊಂಡಿತ್ತು. ಆಮೇಲೆ ಮೂರು ಬಾರಿ ಫೋನ್ ಮಾಡಿದರೂ, ಬುಕಿಂಗ್ ಆಗಿದೆ, ಬಾಸ್ ಕೇಳುವುದಿಲ್ಲ ಎಂಬ ಉತ್ತರವೇ ಬಂತು. “ಸಣ್ಣಾಕಿ, ತಿಳೀದೆ ಮಾಡ್ಯಾಳೆ,” ಎಂದರು ಸುಲೋಚನಮ್ಮ. ತಿಳಿಯದವಳು ಸರ್‌ಪ್ರೈಸ್ ಎಂದು ಮುಚ್ಚಿಟ್ಟಿದ್ದೇಕೆ ಎಂಬುದಕ್ಕೆ ಅವರ ಬಳಿಯೂ ಸಮಾಧಾನವಿರಲಿಲ್ಲ.

ಮಾರ್ಚಿನಲ್ಲಿ ಹಾಲಪ್ಪನವರು ಒಬ್ಬರೇ ಹೋದರು. ಕವಲಿನ ಸಾಗುವಾನಿ ಮರಕ್ಕೆ ಬಾಣದ ಗುರುತಿನ ಫಲಕ ಹೊಡೆದಿದ್ದರು; ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅವರ ಹೆಸರು. ಅದನ್ನು ಕೀಳಲು ನೋಡಿದರು, ಮೊಳೆ ಬಿಡಲಿಲ್ಲ. ಎಮ್ಮೆಬಂಡೆಯ ಬಳಿ ಕಾಶೀಬೆನ್ ಖಾಲಿ ಕೊಡ ಮಗ್ಗುಲಲ್ಲಿಟ್ಟು ಕುಳಿತಿದ್ದರು. ಮೊದಲಾಗಿದ್ದರೆ ದೂರದಿಂದಲೇ ‘ಆವೋ, ಆವೋ’ ಎಂದು ಕರೆಯುತ್ತಿದ್ದವರು ಇಂದು ಕೊಡವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ನಿಮ್ಮವರು ಬಂದಿದ್ದರು, ಹಾಲಪ್ಪಾಭಾಯ್,” ಎಂದರು.

“ಅವರು ನಮ್ಮವರಲ್ಲ, ಬೆನ್.”

“ನಿಮ್ಮ ಹೆಸರನ್ನೇ ಹೇಳಿಕೊಂಡು ಬಂದರು. ಬೇಡ ಎನ್ನಲು ನಮ್ಮ ಹುಡುಗರು ಹೋದರೆ ನಾನೇ ತಡೆದೆ. ಹಾಲಪ್ಪಾಭಾಯಿಯ ಜನ, ಬಿಡಿ ಎಂದೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಗುಂಡಿಗಿಳಿದು ಸೋಪು ಹಚ್ಚಿಕೊಂಡರು. ನೀರನ್ನು ಎರಡು ಸಲ ಮೊಗೆದು ಚೆಲ್ಲಿದ್ದೇವೆ. ನೊರೆ ಇನ್ನೂ ಹೋಗಿಲ್ಲ.”

ಒರತೆಯನ್ನಾದರೂ ನೋಡೋಣವೆಂದು ಹಾಲಪ್ಪನವರು ಎಂದಿನ ಅಭ್ಯಾಸದಂತೆ ಬಂಡೆಯ ಈಚೆಗೆ ಬಾಗಿ ಚಪ್ಪಲಿ ಕಳಚಿದರು.

“ಹಾಕಿಕೊಳ್ಳಿ, ಭಾಯ್,” ಎಂದರು ಕಾಶೀಬೆನ್. “ಆಚೆ ಒಡೆದ ಗಾಜಿದೆ. ಈಗ ನಾವೂ ಹಾಕಿಕೊಂಡೇ ಹೋಗುತ್ತೇವೆ.”

ಹಾಲಪ್ಪನವರು ಅವರ ಪಾದಗಳನ್ನು ನೋಡಿದರು. ನೀಲಿ ಪಟ್ಟಿಯ ಹೊಸ ಹವಾಯಿ ಚಪ್ಪಲಿ. ಅವರು ತಮ್ಮದನ್ನೂ ಮತ್ತೆ ಮೆಟ್ಟಿಕೊಂಡರು. ಮೆಟ್ಟಿಕೊಂಡ ಮೇಲೆ ಬಂಡೆಯನ್ನು ದಾಟುವುದು ಅವರಿಂದಾಗಲಿಲ್ಲ.